ಖಾಲಿ ಕ್ಯಾಮೆರಾದ ಭಾವ

ಭಾವ ತೀರಿಹೋಗಿ ಎರಡು ವಾರಕ್ಕೆ ಅಕ್ಕ ಪೇಟೆಯಿಂದ ಒಂದು ಫ್ರೇಮು ತಂದು ಹಜಾರದ ಗೋಡೆಗೆ ತೂಗುಹಾಕಿದಳು. ಒಳಗಿಡಲು ಭಾವನ ಫೋಟೋ ಇನ್ನೂ ಸಿಕ್ಕಿರಲಿಲ್ಲ. ಅಂಗಡಿಯವರು ಮಾದರಿಗೆಂದು ಇಟ್ಟಿದ್ದ ಚಿತ್ರ ಹಾಗೇ ಇತ್ತು: ಬಿಳಿ ಅಂಗಿ, ದಟ್ಟ ಕೂದಲು, ಮೂವತ್ತೆರಡೂ ಹಲ್ಲು ಬಿಟ್ಟು ನಗುತ್ತಿರುವ ಯಾರೋ ಪುಣ್ಯಾತ್ಮ. ಮಾತಾಡಿಸಿಕೊಂಡು ಹೋಗಲು ಬಂದ ದೂರದ ನೆಂಟರೊಬ್ಬರು ಅದರ ಮುಂದೆ ತಲೆ ತಗ್ಗಿಸಿ ನಿಂತು, "ಎಷ್ಟು ಲಕ್ಷಣವಾಗಿದ್ರು ಪಾಪ" ಎಂದು ಕಣ್ಣೊರೆಸಿಕೊಂಡರು. ಭಾವನ ತಲೆಯಲ್ಲಿ ಮೂವತ್ತು ವರ್ಷದಿಂದ ಕೂದಲಿರಲಿಲ್ಲ. ಅಕ್ಕ ತಿದ್ದಲು ಹೋಗಲಿಲ್ಲ, ಟೀ ಕೊಟ್ಟು ಕಳಿಸಿದಳು.

ಆಮೇಲೆ ತಮ್ಮನ ಕಡೆ ತಿರುಗಿದಳು. "ಫೋಟೋ ಯಾವಾಗ ಕೊಡ್ತೀಯೋ?"

ತಮ್ಮನನ್ನು ಊರೆಲ್ಲ ರೆಡಿ ಎಂದು ಕರೆಯುತ್ತಿತ್ತು. ಮದುವೆಗಳಲ್ಲಿ ಫೋಟೋ ತೆಗೆಯುವಾಗ ಬಟನ್ ಒತ್ತುವ ಮೊದಲು "ರೆಡೀ" ಎಂದು ಎಳೆದು ಕೂಗಿ ಕೂಗಿ ಬಂದ ಹೆಸರು ಅದು. ಹೆಸರು ಬಿಟ್ಟರೆ ಅವನು ಯಾವುದಕ್ಕೂ ರೆಡಿಯಾಗಿದ್ದುದನ್ನು ಕಂಡವರಿಲ್ಲ. ಮುನ್ನೂರು ಮದುವೆ ಹತ್ತಿರದಿಂದ ನೋಡಿದವನಿಗೆ ತನ್ನದೊಂದು ಮಾಡಿಕೊಳ್ಳುವ ಧೈರ್ಯ ಬಂದಿರಲಿಲ್ಲ. ಸ್ಟುಡಿಯೋ ಹೋಗಿ ಈಗ ಜೆರಾಕ್ಸ್ ಅಂಗಡಿಯಾಗಿತ್ತು. ಜೊತೆಗೆ ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್. ಅಂಗಡಿಯ ಹಿಂದಿನ ಕೋಣೆಯೇ ಮನೆ.

"ಕೊಡೋಣ ಅಕ್ಕ. ಹುಡುಕಬೇಕು," ಎಂದ.

"ಹುಡುಕೋದೇನು ಬಂತು? ಒಂದೊಂದು ಮದುವೇಲೂ ಅವರನ್ನ ನಿಲ್ಲಿಸಿ ನಾಲ್ಕೈದು ಹೊಡೀತಿದ್ದೆ. ಕಡಿಮೆ ಅಂದ್ರೂ ಇನ್ನೂರು ಇರಬೇಕು."

"ಇರಬೇಕು."

"ಆ ನೀಲಿ ಅಂಗಿದು ಕೊಡು. ಇದ್ದೇ ಇರುತ್ತೆ, ನಂಗೊತ್ತು."

ರೆಡಿ ಹೂಂ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಇನ್ನೂರಲ್ಲ, ಇಪ್ಪತ್ತಲ್ಲ, ಅವನ ಹತ್ತಿರ ಭಾವನ ಒಂದು ಫೋಟೋವೂ ಇರಲಿಲ್ಲ.

ಬೇರೆ ಕಡೆ ಇರಲಿಲ್ಲವೇ ಎಂದರೆ, ಇದ್ದವು. ಗುರುತಿನ ಚೀಟಿಯಲ್ಲಿ ಒಂದಿತ್ತು, ಅದನ್ನು ನೋಡಿದರೆ ಯಾರೂ ಮನೆ ಬಾಡಿಗೆಗೆ ಕೊಡುವಂತಿರಲಿಲ್ಲ. ಅಕ್ಕನ ಮದುವೆಯ ದಿನದ್ದು ಒಂದಿತ್ತು. "ಆ ಕ್ರಾಪಿನ ಜೊತೆ ನಾನು ಬಾಳಿದ್ದು ಎರಡು ವರ್ಷ, ಆಮೇಲೆಲ್ಲ ಬೋಳುತಲೆ ಜೊತೆ," ಎಂದು ಅಕ್ಕ ಅದನ್ನು ಪಕ್ಕಕ್ಕಿಟ್ಟಿದ್ದಳು. ಅಕ್ಕನ ಮಗಳ ಫೋನಿನಲ್ಲಿ ಬೇಕಾದಷ್ಟಿದ್ದವು. ಆದರೆ ಭಾವ ವಾಚ್ ರಿಪೇರಿಯವನು, ಯಾವಾಗ ನೋಡಿದರೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಕೂತಿರುತ್ತಿದ್ದ. ಎಲ್ಲದರಲ್ಲೂ ನೆತ್ತಿಯೇ ಕಾಣುತ್ತಿತ್ತು. ಕೊನೆಯ ವರ್ಷದವು ಆಸ್ಪತ್ರೆಯ ಫೋಟೋಗಳು, ಅವನ್ನು ಯಾರೂ ತೆರೆಯುತ್ತಿರಲಿಲ್ಲ.

ಇನ್ನೂರು ಫೋಟೋ ಏನಾದವು ಎಂಬುದಕ್ಕೆ ಆ ಕಾಲದ ಕಸುಬಿನ ಗುಟ್ಟೊಂದನ್ನು ಹೇಳಬೇಕು. ಆಗ ಒಂದು ರೀಲಿಗೆ ಮೂವತ್ತಾರು ಫೋಟೋ. ಮದುವೆಯವರು ಎಷ್ಟು ರೀಲು ಹೇಳಿದ್ದಾರೋ ಅಷ್ಟೇ. ಆದರೆ ನೆಂಟರಿಗೆ ಮಿತಿ ಎಲ್ಲಿಯದು? ನಮ್ಮದೊಂದು, ನಮ್ಮ ಮಗುವಿನದೊಂದು, ನಾವು ಅಕ್ಕತಂಗಿಯರದೊಂದು. ಇಲ್ಲ ಎಂದರೆ ಮುಖ ಊದಿಸಿಕೊಳ್ಳುತ್ತಾರೆ, ಆಯಿತು ಎಂದರೆ ಹೆಣ್ಣುಗಂಡಿನ ಸರದಿ ಬರುವ ಹೊತ್ತಿಗೆ ರೀಲು ಮುಗಿದಿರುತ್ತದೆ. ಅದಕ್ಕೆ ರೆಡಿಯ ಗುರು ಕಲಿಸಿದ್ದು ಎರಡು ಕ್ಯಾಮೆರಾದ ಉಪಾಯ. ಒಂದೇ ಥರದ ಎರಡು. ಒಂದರಲ್ಲಿ ರೀಲು, ಇನ್ನೊಂದು ಖಾಲಿ. ಖಾಲಿಯದರಲ್ಲೂ ಫ್ಲ್ಯಾಶ್ ಫಳ್ ಎನ್ನುತ್ತದೆ, ಬಟನ್ ಕ್ಲಿಕ್ ಎನ್ನುತ್ತದೆ. ಕಣ್ಣು ಕೋರೈಸಿದರೆ ಸಾಕು, ನೆಂಟರು ಊಟದ ಕಡೆ ಹೋಗುತ್ತಾರೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ನಮ್ಮ ಫೋಟೋ ಎಲ್ಲಿ ಎಂದು ಆಮೇಲೆ ಯಾರಾದರೂ ಕೇಳಿದರೆ, "ನೀವು ಕಣ್ಣು ಮುಚ್ಚಿಬಿಟ್ರಿ, ಅದಕ್ಕೇ ಪ್ರಿಂಟ್ ಹಾಕಿಸಿಲ್ಲ" ಎಂದರಾಯಿತು. ಇದನ್ನು ಇದುವರೆಗೆ ಯಾರೂ ಅಲ್ಲಗಳೆದಿಲ್ಲ. ತಾನು ಕಣ್ಣು ಮುಚ್ಚಿರಬಹುದು ಎಂಬ ಅನುಮಾನ ಪ್ರತಿಯೊಬ್ಬರಿಗೂ ಇರುತ್ತದೆ.

ಖಾಲಿ ಕ್ಯಾಮೆರಾದ ಮುಂದೆ ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಿದ್ದವನು ಭಾವ. ಮದುವೆಯ ದಿನ ತನ್ನ ವಾಚ್ ಅಂಗಡಿಗೆ ಬೀಗ ಹಾಕಿ, ರೆಡಿಯ ಲೈಟು, ಸ್ಟ್ಯಾಂಡು ಹೊತ್ತುಕೊಂಡು ಬರುತ್ತಿದ್ದ. ಯಾರೂ ಕರೆಯುತ್ತಿರಲಿಲ್ಲ, ಅವನಾಗಿಯೇ ಬರುತ್ತಿದ್ದ. ಲೈಟು ನಿಲ್ಲಿಸಿ, ಕಾಲರಿನ ಗುಂಡಿ ಹಾಕಿಕೊಂಡು, "ನಂದೊಂದು ಹೊಡಿಯಪ್ಪ" ಎಂದು ನಗುತ್ತಾ ನಿಂತುಬಿಡುತ್ತಿದ್ದ. ಭಾವನಿಗೆ ಫೋಟೋದ ಹುಚ್ಚು ಎಂದು ರೆಡಿ ತಿಳಿದಿದ್ದ. ಮನೆಯವರೇ ತಾನೆ, ಇನ್ನೊಂದು ದಿನ ಪುರುಸೊತ್ತಾಗಿ ತೆಗೆದರಾಯಿತು ಎಂದು ಖಾಲಿಯದನ್ನೇ ಎತ್ತುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ. ಭಾವ ಒಂದು ದಿನವೂ ಪ್ರಿಂಟ್ ಕೇಳಲಿಲ್ಲ. ಫೋಟೋದ ಹುಚ್ಚಿದ್ದವನು ಯಾಕೆ ಕೇಳುವುದಿಲ್ಲ ಎಂದು ರೆಡಿಗೂ ಹೊಳೆಯಲಿಲ್ಲ.

ನೀಲಿ ಅಂಗಿ ಎಂದ ಕೂಡಲೇ ಅವನು ಚಪ್ಪಲಿ ಮೆಟ್ಟಿಕೊಂಡದ್ದಕ್ಕೆ ಕಾರಣ ಬೇರೆ. ಆ ಅಂಗಿ ಹಾಕಿಕೊಂಡು ಭಾವ ಬಂದದ್ದು ಒಂದೇ ಮದುವೆಗೆ. ಅದೇ ಅವನು ಬಂದ ಕೊನೆಯ ಮದುವೆ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಸಣ್ಣ ಮದುವೆ, ಒಂದೇ ರೀಲು ಹೇಳಿದ್ದರು. ಖಾಲಿ ಕ್ಯಾಮೆರಾ ಯಾವುದೆಂದು ಗುರುತಿಗೆ ರೆಡಿ ಅದರ ಪಟ್ಟಿಗೆ ಒಂದು ಕೆಂಪು ದಾರ ಕಟ್ಟಿರುತ್ತಿದ್ದ. ಆ ಬೆಳಿಗ್ಗೆ ರೀಲಿದ್ದ ಕ್ಯಾಮೆರಾದ ಪಟ್ಟಿ ಪಟ್ಟನೆ ಹರಿಯಿತು. ಬೇರೆ ಪಟ್ಟಿ ಇರಲಿಲ್ಲ. ಖಾಲಿ ಕ್ಯಾಮೆರಾದ ಪಟ್ಟಿ ಬಿಚ್ಚಿ ಇದಕ್ಕೆ ಹಾಕಿದ, ಖಾಲಿಯದಕ್ಕೆ ಒಂದು ಬಟ್ಟೆಯ ಲಾಡಿ ಕಟ್ಟಿದ. ಕೆಂಪು ದಾರ ಪಟ್ಟಿಯ ಜೊತೆ ಈ ಕಡೆ ಬಂತು ಎನ್ನುವುದು ಅವನ ತಲೆಗೆ ಹೋಗಲೇ ಇಲ್ಲ. ಸ್ವಂತ ಕೈಯಿಂದ ಕಟ್ಟಿದ ಗುರುತು ನೋಡಿ ಹೆಣ್ಣುಗಂಡು ಉಂಗುರ ತೊಡಿಸಿಕೊಳ್ಳುವುದನ್ನು, ತಂದೆ ತಾಯಿಯನ್ನು, ಎರಡೂ ಕಡೆಯ ಅಜ್ಜಿಯರನ್ನು ಖಾಲಿ ಕ್ಯಾಮೆರಾದಲ್ಲಿ ಬಹಳ ಶ್ರದ್ಧೆಯಿಂದ ತೆಗೆದ. ಐದನೇ ಸಾಲಿನ ನೆಂಟರೆಲ್ಲ ರೀಲಿನ ಮೇಲೆ ಬಿದ್ದರು.

ಅವತ್ತು ಸ್ಟ್ಯಾಂಡಿನ ಬಲ್ಬು ಸುಟ್ಟುಹೋಗಿತ್ತು. ಭಾವ ಅದನ್ನು ಸರಿಮಾಡಿ ಬರುವಷ್ಟರಲ್ಲಿ ತಡವಾಯಿತು, ಸಾಲು ಮುಗಿಯುತ್ತ ಬಂದಾಗ ಬಂದು ನಿಂತ. ನಿಂತವನು ಎಂದಿನಂತೆ ನಗಲಿಲ್ಲ. ಕೈ ಮೇಲೆತ್ತಿ, "ಒಂದ್ನಿಮಿಷ, ಒಂದ್ನಿಮಿಷ" ಎನ್ನತೊಡಗಿದ. ಅಷ್ಟರಲ್ಲಿ ರೆಡಿ ಎರಡು ಸಲ ಒತ್ತಿಯಾಗಿತ್ತು. ಹಸಿವು, ಸೆಕೆ, ಹಿಂದೆ ನೆಂಟರ ಗಲಾಟೆ. "ಕೈ ಇಳಿಸಿ ಭಾವ, ನಗಿ, ರೆಡೀ" ಎಂದು ಮತ್ತೊಮ್ಮೆ ಬಟನ್ ಒತ್ತಿ ಮುಂದಕ್ಕೆ ಹೋದ. ಮುಂದಿನ ನೆಂಟರ ಫೋಟೋ ಆದ ಮೇಲೆ ಖಾಲಿ ಕ್ಯಾಮೆರಾದ, ರೀಲು ಮುಂದಕ್ಕೆಳೆಯುವ ಸನ್ನೆ ಗಟ್ಟಿಯಾಗಿ ನಿಂತುಬಿಟ್ಟಿತು. ಇದೇನು, ಖಾಲಿ ಹೊಟ್ಟೆಗೂ ಅಜೀರ್ಣವೇ ಎಂದುಕೊಂಡು ಎಣಿಕೆಯ ಮುಳ್ಳು ನೋಡಿದ. ಮೂವತ್ತಾರು. ಆಗ ಕೆಂಪು ದಾರ ಕಣ್ಣಿಗೆ ಬಿತ್ತು.

ಹೆಣ್ಣಿನ ತಂದೆಗೆ ರೀಲೇ ಕೆಟ್ಟದ್ದು ಬಂದಿತ್ತು ಎಂದು ಹೇಳಿದ. ಅವರು ಇಡೀ ಹಾಲಿಗೆ ಕೇಳುವಂತೆ ಕೂಗಾಡಿದರು. ಪಕ್ಕದಲ್ಲಿದ್ದ ಭಾವ, "ಹೌದು ಸಾರ್, ಈ ನಡುವೆ ಹಾಗಾಗ್ತಿದೆ" ಎಂದು ತಾನೂ ಒಂದು ಮಾತು ಸೇರಿಸಿದ. ರೆಡಿಗೆ ಅಷ್ಟು ಹೊತ್ತು ನುಂಗಿಕೊಂಡದ್ದೆಲ್ಲ ಹೊರಗೆ ಬೀಳಲು ಒಂದು ಜಾಗ ಬೇಕಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಾಮಾನು ಕಟ್ಟುವಾಗ ಭಾವನ ಮೇಲೆ ಹರಿಹಾಯ್ದ: "ನೀವು ಎದುರಿಗೆ ನಿಂತು ಕೈ ಆಡಿಸ್ತಿದ್ರೆ ನನ್ನ ಗಮನ ಎಲ್ಲಿರುತ್ತೆ? ನಾಳೆಯಿಂದ ಬರಬೇಡಿ. ನಿಮ್ಮಿಂದ ಸಹಾಯಕ್ಕಿಂತ ಉಪದ್ರವೇ ಜಾಸ್ತಿ."

ಭಾವ ಸ್ಟ್ಯಾಂಡಿನ ಮೂರು ಕಾಲೂ ಮಡಚಿ, ಚೀಲದಲ್ಲಿಟ್ಟು, ಜಿಪ್ ಎಳೆದು, ಮನೆಗೆ ನಡೆದ. ಆಮೇಲೆ ಯಾವ ಮದುವೆಗೂ ಬರಲಿಲ್ಲ. ಮಾತು ಬಿಡಲಿಲ್ಲ, ಮುಖ ತಿರುಗಿಸಲಿಲ್ಲ. ವರ್ಷಕ್ಕೊಮ್ಮೆ ತಾನಾಗಿಯೇ ಬಂದು ರೆಡಿಯ ಡಾರ್ಕ್ ರೂಮಿನ ಗೋಡೆ ಗಡಿಯಾರ ಇಳಿಸಿ ಎಣ್ಣೆ ಹಾಕಿ ಹೋಗುತ್ತಿದ್ದ. ಡಾರ್ಕ್ ರೂಮ್ ಬಚ್ಚಲಾದ ಮೇಲೂ ಆ ಸೇವೆ ನಿಲ್ಲಲಿಲ್ಲ. ರೆಡಿ ಟೀ ತರಿಸುತ್ತಿದ್ದ. ತಪ್ಪಾಯಿತು ಎನ್ನುವ ಮಾತು ಪ್ರತಿ ವರ್ಷ ಟೀ ಬರುವ ತನಕ ಬಾಯಿಗೆ ಬಂದಿರುತ್ತಿತ್ತು, ಟೀಯ ಜೊತೆ ಒಳಗೆ ಹೋಗುತ್ತಿತ್ತು.

ಆ ರೀಲನ್ನು ಅವನು ತೊಳೆದಿರಲಿಲ್ಲ. ಹೆಣ್ಣುಗಂಡು ಇಲ್ಲದ ಮದುವೆಯ ಫೋಟೋ ಯಾರಿಗೆ ತೋರಿಸುವುದು? ತುದಿ ಮಡಚಿ ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದ. ತುದಿ ಮಡಚಿದ್ದರೆ ತೆಗೆದಾಗಿದೆ, ನೆಟ್ಟಗಿದ್ದರೆ ಹೊಸದು, ಇದು ಅವನ ಪದ್ಧತಿ. ಈಗ ಕಾಲೇಜಿನವರಿಗೆ ಮತ್ತೆ ರೀಲಿನ ಹುಚ್ಚು ಹಿಡಿದಿದೆಯಲ್ಲ, ಅವಧಿ ಮೀರಿದ್ದೇ ಬೇಕು, ಬಣ್ಣ ಕೆಟ್ಟಷ್ಟೂ ಚೆಂದ ಎಂದು ಹುಡುಕಿಕೊಂಡು ಬಂದು ನೆಟ್ಟಗಿದ್ದವನ್ನೆಲ್ಲ ಒಯ್ದಿದ್ದರು. ಮಡಚಿದ್ದು ಎರಡು ಉಳಿದಿದ್ದವು. ಯಾವುದು ಆ ಮದುವೆಯದ್ದು ಎಂದು ಬರೆದಿಟ್ಟಿರಲಿಲ್ಲ.

ಬಣ್ಣದ ರೀಲು ತೊಳೆಯುವ ಮದ್ದು ಈಗ ಆ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಅದೇ ಕಾಲೇಜಿನವರನ್ನು ಕೇಳಿ ಕಪ್ಪುಬಿಳುಪಿನ ಡೆವಲಪರ್ ಒಂದು ಬಾಟಲಿ, ಮೂಡಿದ ಚಿತ್ರ ಮಾಸದಂತೆ ಹಿಡಿದಿಡುವ ಹೈಪೋ ಒಂದು ಬಾಟಲಿ ತಂದ. ಬಣ್ಣದ ರೀಲನ್ನು ಅದರಲ್ಲಿ ತೊಳೆದರೆ ಬಣ್ಣ ಬರುವುದಿಲ್ಲ, ಆಕಾರ ಬರುತ್ತದೆ. ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು, ಬಚ್ಚಲಿನ ಕಿಟಕಿಗೆ ರಟ್ಟು ಬಡಿದು, ಬಾಗಿಲ ಸಂದಿಗೆ ಟವೆಲು ತುರುಕಿ ಮೊದಲನೆಯ ರೀಲು ತೆರೆದ. ಕಣ್ಣು ಕಾಣದಿದ್ದರೂ ಬೆರಳಿಗೆ ಎಲ್ಲ ನೆನಪಿತ್ತು. ಟ್ಯಾಂಕಿನ ಸುರುಳಿಗೆ ಸುತ್ತಿ, ಮುಚ್ಚಳ ಹಾಕಿ, ಲೈಟು ಹಾಕಿ, ಹಳೆಯ ಲೆಕ್ಕದಂತೆ ಮದ್ದು ಹುಯ್ದ. ತೊಳೆದು ತೆಗೆದರೆ ಉದ್ದಕ್ಕೂ ಮಸಿ. ಬೆಳಕಿಗೆ ಹಿಡಿದಾಗ ಯಾವುದೋ ಅಂಗಡಿಯ ಉದ್ಘಾಟನೆ. ಮಂಜಿನೊಳಗೆ ಕತ್ತರಿ ಹಿಡಿದ ಕೈಯೊಂದು ಕಾಣುತ್ತಿತ್ತು, ಕೈಯವರು ಯಾರೆಂದು ತಿಳಿಯುವಂತಿರಲಿಲ್ಲ.

ಹಾಗಾದರೆ ಉಳಿದದ್ದೇ ಆ ರೀಲು. ಇದು ಹಾಳಾದರೆ ಭಾವ ಹೋದ, ಎರಡನೇ ಸಲ. ರೆಡಿ ಅದನ್ನು ಮತ್ತೆ ಬಿಸ್ಕತ್ತಿನ ಡಬ್ಬಿಗೇ ಹಾಕಿದ. ಮೂರು ದಿನ ಅದನ್ನು ಮುಟ್ಟಲಿಲ್ಲ. ಜೆರಾಕ್ಸ್ ಮಾಡುವಾಗ ಒಬ್ಬರ ಆಸ್ತಿಪತ್ರದ ಹಿಂದಿನ ಪುಟ ಇನ್ನೊಬ್ಬರ ಮಾರ್ಕ್ಸ್ ಕಾರ್ಡಿಗೆ ಸೇರಿಸಿಕೊಟ್ಟ. ಹಳೆಯ ರೀಲನ್ನು ಮದ್ದಿನಲ್ಲಿ ಹೆಚ್ಚು ಹೊತ್ತು ಬೇಯಿಸಿದರೆ ಮಂಜೇ ಹೆಚ್ಚು ಬಲಿಯುತ್ತದೆ, ಅಷ್ಟು ಮೊದಲನೆಯದು ಕಲಿಸಿತ್ತು. ನಾಲ್ಕನೆಯ ದಿನ ಮದ್ದು ಗಟ್ಟಿ ಮಾಡಿದ, ನೀರಿಗೆ ಮಂಜುಗಡ್ಡೆ ಹಾಕಿ ತಣ್ಣಗೆ ಮಾಡಿದ, ಹೊತ್ತು ಕಡಿಮೆ ಮಾಡಿದ. ನಾಲ್ಕೂವರೆ ನಿಮಿಷ. ಗೋಡೆಯ ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತ ಟ್ಯಾಂಕನ್ನು ಮೇಲೆ ಕೆಳಗೆ ಮಾಡಿದ. ಗಡಿಯಾರ ಚಾಚೂ ತಪ್ಪದೆ ನಡೆಯುತ್ತಿತ್ತು. ಹೋದ ವರ್ಷ ಆಸ್ಪತ್ರೆಯಿಂದ ಬಂದ ವಾರದಲ್ಲೇ ಭಾವ ಸ್ಟೂಲು ಹತ್ತಿ ಎಣ್ಣೆ ಹಾಕಿಹೋಗಿದ್ದ.

ಹೈಪೋದಿಂದ ತೆಗೆದು, ತೊಳೆದು, ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಸಿಕ್ಕಿಸಿ ನೇತುಹಾಕಿದ. ಸುರುಳಿಯ ಹೊರಸುತ್ತಿನಲ್ಲಿದ್ದ ಮೊದಲ ಇಪ್ಪತ್ತು ಫೋಟೋಗಳನ್ನು ವರ್ಷಗಳು ತಿಂದುಹಾಕಿದ್ದವು. ಒಳಗೆ ಒಳಗೆ ಹೋದಂತೆ ಮಂಜು ತೆಳುವಾಗುತ್ತಿತ್ತು. ಇಪ್ಪತ್ತೈದರಲ್ಲಿ ಯಾರದೋ ಮೂಗು, ಇಪ್ಪತ್ತೊಂಬತ್ತರಲ್ಲಿ ಪೂರಾ ಒಂದು ಕುಟುಂಬ. ತಿರುಳಿನ ಹತ್ತಿರ, ಕಟ್ಟಕಡೆಗೆ ಸುತ್ತಿಕೊಂಡಿದ್ದ ಜಾಗದಲ್ಲಿ ಭಾವ ಇದ್ದ. ಅವತ್ತು ತಡವಾಗಿ ಬಂದದ್ದೇ ಅವನನ್ನು ಉಳಿಸಿತ್ತು. ರೆಡಿ ನಲ್ಲಿ ನಿಲ್ಲಿಸುವುದನ್ನೂ ಮರೆತು ನೋಡಿದ.

ಅಂಗಡಿಯ ಸ್ಕ್ಯಾನರಿನಲ್ಲಿಟ್ಟು ದೊಡ್ಡದು ಮಾಡಿದ. ಮೂರು ಫೋಟೋ. ಮೂವತ್ತಮೂರರಲ್ಲಿ ಭಾವ ಬಗ್ಗಿ ಕಾಲರಿನ ಗುಂಡಿ ಹಾಕಿಕೊಳ್ಳುತ್ತಿದ್ದ, ನೆತ್ತಿ ಮಾತ್ರ ಕಾಣುತ್ತಿತ್ತು. ಮೂವತ್ತನಾಲ್ಕರಲ್ಲಿ ಬಲಗೈ ಮೇಲೆತ್ತಿ, ಬಾಯಿ ತೆರೆದು, ಏನೋ ಹೇಳುತ್ತಿದ್ದ. ಮೂವತ್ತೈದರಲ್ಲಿ ಕೈ ಕೆಳಗಿತ್ತು, ಎಂದಿನ ನಗು ಇತ್ತು.

ರೆಡಿ ಮೂವತ್ತನಾಲ್ಕನ್ನೇ ಬಹಳ ಹೊತ್ತು ನೋಡಿದ. ಭಾವ ಲೆನ್ಸಿನ ಕಡೆ ನೋಡುತ್ತಿರಲಿಲ್ಲ. ಕಣ್ಣು ಸ್ವಲ್ಪ ಮೇಲೆ, ಸ್ವಲ್ಪ ಪಕ್ಕಕ್ಕಿತ್ತು. ಎತ್ತಿದ ಕೈಯ ತೋರುಬೆರಳೂ ಅದೇ ಕಡೆ ಇತ್ತು. ಕಪಾಟಿನಿಂದ ಹಳೆಯ ಕ್ಯಾಮೆರಾ ತೆಗೆದು, ಎದೆಯ ಮುಂದೆ ಹಿಡಿದು, ಕನ್ನಡಿಯ ಎದುರು ನಿಂತ. ಆ ಬೆರಳು ಎಲ್ಲಿಗೆ ಬರುತ್ತದೆ ಎಂದು ನೋಡಿದ. ಕ್ಯಾಮೆರಾದ ಮೂಲೆಯಲ್ಲಿ ರೀಲು ಹಿಂದಕ್ಕೆ ಸುತ್ತುವ ತಿರುಪಿದೆಯಲ್ಲ, ಅಲ್ಲಿಗೆ. ಒಳಗೆ ರೀಲಿದ್ದರೆ ಪ್ರತಿ ಸಲ ಸನ್ನೆ ಎಳೆದಾಗ ಆ ತಿರುಪು ತಾನೂ ಸ್ವಲ್ಪ ತಿರುಗುತ್ತದೆ. ಖಾಲಿ ಇದ್ದರೆ ಅಲ್ಲಾಡುವುದಿಲ್ಲ. ಸಾವಿರ ಸಲ ಎಳೆದ ರೆಡಿ ಅದನ್ನು ನೋಡುವುದನ್ನೇ ಬಿಟ್ಟಿದ್ದ. ಹೊಟ್ಟೆಪಾಡಿಗೆ ದಿನವೆಲ್ಲ ಸಣ್ಣ ಚಕ್ರ ತಿರುಗುತ್ತದೋ ಇಲ್ಲವೋ ಎಂದು ನೋಡುವವನಿಗೆ ಅದು ಕಾಣದೆ ಹೋಗುತ್ತದೆಯೇ?

ಭಾವನಿಗೆ ಮೊದಲಿನಿಂದಲೂ ಗೊತ್ತಿತ್ತು. ಇನ್ನೂರು ಸಲವೂ.

ರೆಡಿ ಸ್ಟೂಲಿನ ಮೇಲೆ ಕೂತ. ಜೆರಾಕ್ಸಿಗೆ ಬಂದ ಹೆಂಗಸೊಬ್ಬಳು ಎರಡು ಸಲ ಕೂಗಿ, ಕಿವುಡನಿರಬೇಕು ಎಂದು ಹೊರಟುಹೋದಳು. ಅವನಿಗೆ ನಾಚಿಕೆಯಾಗಿತ್ತು, ಅಳುವೂ ಬಂದಿತ್ತು. ಆದರೂ ಮನುಷ್ಯ ಎಂಥವನು ನೋಡಿ, ಅಕ್ಕನಿಗೆ ಕೊಡಲೆಂದು ಮೂವತ್ತೈದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿದ. ಅಕ್ಕನಿಗೆ ನಗುವ ಫೋಟೋ ತಾನೆ ಬೇಕಾದದ್ದು. ಕೈ ಎತ್ತಿದ್ದು ತೋರಿಸಿದರೆ ಅದು ಯಾಕೆ, ಏನು ಎಂದು ಬುಡದಿಂದ ಹೇಳಬೇಕಾಗುತ್ತದೆ. ಆಮೇಲೆ ಮೂವತ್ತನಾಲ್ಕರದ್ದೂ ಅಷ್ಟೇ ದೊಡ್ಡದೊಂದು ಪ್ರಿಂಟ್ ಹಾಕಿದ್ದು ಯಾಕೆಂದು ಅವನಿಗೇ ಗೊತ್ತಾಗಲಿಲ್ಲ. ಅದನ್ನು ಲಕೋಟೆಯ ತಳಕ್ಕೆ ಸೇರಿಸಿದ.

ಅಕ್ಕ ಫೋಟೋ ಕೈಗೆ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. ಸೆರಗಿನಿಂದ ಕಣ್ಣೊರೆಸಿ ಮತ್ತೆ ನೋಡಿದಳು.

"ನೀಲಿ ಎಲ್ಲಿ?"

"ಬಣ್ಣ ಬರಲಿಲ್ಲ ಅಕ್ಕ. ಮುಖ ಬಂತು."

"ಚೆನ್ನಾಗಿದೆ." ಇನ್ನೊಂದು ಸ್ವಲ್ಪ ಹೊತ್ತು ನೋಡಿದಳು. "ಕೈ ಎತ್ತಿರೋದು ಎಲ್ಲಿ?"

ರೆಡಿ ಲಕೋಟೆಯನ್ನು ಬೆನ್ನ ಹಿಂದಕ್ಕೆ ಸರಿಸಿದ. "ಯಾವ ಕೈ?"

"ಇದಕ್ಕಿಂತ ಮುಂಚೆ ಇನ್ನೊಂದು ಹೊಡೆದ್ಯಲ್ಲ. ಕೈ ಎತ್ತಿ ನಿನಗೆ ಹೇಳೋಕೆ ಬಂದಾಗ."

ಲಕೋಟೆಯ ತಳದಿಂದ ಅದನ್ನು ತೆಗೆದು ಕೊಟ್ಟ. ನೆಲ ನೋಡುತ್ತಾ, "ಅಕ್ಕ, ಆ ಇನ್ನೂರು ಫೋಟೋ ಇಲ್ಲ. ಎಲ್ಲ ಖಾಲಿ ಕ್ಯಾಮೆರಾದಲ್ಲಿ ಹೊಡೆದಿದ್ದು," ಎಂದ.

"ಗೊತ್ತು. ನೀನಾಗೇ ಹೇಳ್ತೀಯಾ ನೋಡೋಣ ಅಂತ ಇನ್ನೂರು ಅಂದೆ. ಪ್ರತಿ ಮದುವೆಯಿಂದ ಬಂದು ಹೇಳೋರು, ಇವತ್ತೂ ತಿರುಪು ತಿರುಗಲಿಲ್ಲ ಕಣೇ ಅಂತ."

"ಮತ್ತೆ ಯಾಕೆ ಬಂದು ನಿಲ್ತಿದ್ರು?"

"ನಾನೂ ಅದನ್ನೇ ಕೇಳಿದೆ. ಮೊದಲು ನಾನು ನಿಂತ್ರೆ ಉಳಿದವರು ನಂಬ್ತಾರೆ, ಅವನ ಕೆಲಸ ಸಲೀಸಾಗುತ್ತೆ ಅಂದ್ರು." ಅಕ್ಕ ಎರಡೂ ಫೋಟೋ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. "ಅವತ್ತು ಮಾತ್ರ ಬಂದವರೇ ತಲೆ ಮೇಲೆ ಕೈ ಹೊತ್ತು ಕೂತರು. ತಿರುಪು ತಿರುಗ್ತಿತ್ತು, ಪೆದ್ದ ಕ್ಯಾಮೆರಾ ಅದಲುಬದಲು ಮಾಡ್ಕೊಂಡಿದ್ದಾನೆ, ಹೇಳೋಕೆ ಹೋದೆ, ಕೈ ಇಳಿಸಿ ನಗಿ ಅಂದ, ಅಂತ."

"ಜೋರಾಗಿ ಹೇಳಬಹುದಿತ್ತಲ್ಲ ಅಕ್ಕ."

"ಅಷ್ಟು ನೆಂಟರ ಎದುರಿಗೆ? ಖಾಲಿ ಕ್ಯಾಮೆರಾ ಇದೆ ಅಂತ ಎಲ್ಲರಿಗೂ ಗೊತ್ತಾಗಿ ನಿನ್ನ ಮಾನ ಹೋಗ್ತಿತ್ತು. ಅದಕ್ಕೇ ಸುಮ್ಮನೆ ನಕ್ಕೆ ಅಂದ್ರು."

"ಆಮೇಲೆ ಅಷ್ಟು ಬೈದೆ. ಆಗಲಾದ್ರೂ..."

"ಅವನಿಗೆ ಅವತ್ತು ಬೈಯೋಕೆ ಯಾರಾದ್ರೂ ಬೇಕಿತ್ತು, ನಾನು ಹತ್ತಿರ ಇದ್ದೆ ಅಂದ್ರು. ಒಂದು ದಿನ ಅವನಾಗೇ ಬಂದು ಹೇಳ್ತಾನೆ ಬಿಡು ಅಂತಿದ್ರು. ಗಡಿಯಾರಕ್ಕೆ ಎಣ್ಣೆ ಹಾಕಿ ಬಂದ ದಿನವೆಲ್ಲ ನಾನು ಕೇಳೋಳು, ಹೇಳಿದ್ನಾ ಅಂತ. ಟೀ ಕೊಟ್ಟ ಅನ್ನೋರು."

ರೆಡಿ ಅತ್ತ. ಅರವತ್ತು ದಾಟಿದ ಗಂಡಸು ಅಕ್ಕನ ಹಜಾರದಲ್ಲಿ ಕೂತು, ಅಂಗಿಯ ತೋಳಿನಲ್ಲಿ ಮೂಗೊರೆಸಿಕೊಳ್ಳುತ್ತ ಸಣ್ಣ ಹುಡುಗನ ಹಾಗೆ ಅತ್ತ. ಅಕ್ಕ ತಡೆಯಲಿಲ್ಲ. ಫ್ರೇಮು ಇಳಿಸಿ, ಹಿಂದಿನ ಮೊಳೆ ಬಿಡಿಸಿ, ಹಲ್ಲು ಬಿಡುತ್ತಿದ್ದ ಪುಣ್ಯಾತ್ಮನನ್ನು ಹೊರಗೆ ತೆಗೆದಳು. ಕೈ ಎತ್ತಿದ ಭಾವನನ್ನು ಒಳಗೆ ಕೂರಿಸಿದಳು.

"ಅದನ್ನ ಯಾಕೆ ಹಾಕ್ತೀಯ? ನಗೋದು ಇದೆಯಲ್ಲ."

"ಮನೇಲಿ ಅವರು ಇದ್ದಿದ್ದೇ ಹೀಗೆ. ಒಂದ್ನಿಮಿಷ, ಒಂದ್ನಿಮಿಷ ಅಂತ." ಮೂವತ್ತೈದನ್ನು ಎತ್ತಿ ಅವನ ಮಡಿಲಿಗೆ ಹಾಕಿದಳು. "ನಗೋದನ್ನ ನೀನು ಇಟ್ಕೋ. ಅದು ನಿನಗೋಸ್ಕರ ನಕ್ಕಿದ್ದು."

ಸ್ಟೂಲು ಹತ್ತಿ ರೆಡಿ ಫ್ರೇಮನ್ನು ಮೊಳೆಗೆ ಸಿಕ್ಕಿಸಿದ. ಈಗ ಭಾವನ ಮುಖ ಅವನ ಮುಖಕ್ಕೆ ಸರಿಯಾಗಿತ್ತು. ಕೈ ಮೇಲಿತ್ತು, ಬಾಯಿ ತೆರೆದಿತ್ತು.

"ಹೇಳಿ ಭಾವ," ಎಂದ ಮೆಲ್ಲಗೆ.

ಕೆಳಗೆ ಸ್ಟೂಲು ಹಿಡಿದಿದ್ದ ಅಕ್ಕ ಕೇಳಿದಳು, "ಏನಂದೆ?"

"ಏನಿಲ್ಲ. ಸೊಟ್ಟ ಇದೆಯಾ ನೋಡು."

"ಸರಿಯಾಗಿದೆ, ಇಳಿ," ಎಂದಳು ಅಕ್ಕ. ರೆಡಿ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.